ಒಂದೆಸಳು ಬಾಕಿ

ಮಾರ್ಚಿನಲ್ಲಿ ನನಗೆ ಸಾಯಲೂ ಪುರುಸೊತ್ತಿಲ್ಲ.
ಕುಶಾಲನಗರದಿಂದ ಸಿದ್ದಾಪುರದವರೆಗೆ
ಹೂಮಳೆ ಬಾರದ ತೋಟಕ್ಕೆಲ್ಲ ಸ್ಪ್ರಿಂಕ್ಲರು,
ಸ್ಪ್ರಿಂಕ್ಲರಿಗೆಲ್ಲ ಡೀಸೆಲ್ ಪಂಪು,
ಪಂಪು ಕೆಮ್ಮಿದರೆ ಹಸೈನಾರ್‌ಗೆ ಫೋನು.

ಅಂಥದ್ದರಲ್ಲಿ ಚೋಂದಮ್ಮ ಮೇಡಂ ಕರೆದದ್ದು
ದೋಣಿಗೆ.

ಹಾಯಿದೋಣಿ. ಹಾರಂಗಿ ಹಿನ್ನೀರಿನಲ್ಲಿ.
ಬೇಪೂರಿನಿಂದ ಮರದ ಲಾರಿಯ ಮೇಲೆ, ಮಾಕುಟ್ಟದ
ತಿರುವುಗಳಲ್ಲಿ ಬಾಲ ಉಜ್ಜಿಸಿಕೊಂಡು ಬಂದದ್ದು.
ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಹಾಕಿ ಆಡಿಸಿದವರು
ಪಿಎಫ್ ದುಡ್ಡಲ್ಲಿ ಗಾಳಿ ಕೊಂಡರೆಂದು ಊರು ನಕ್ಕಿತ್ತು.
ಗಾಳಿಯಿಲ್ಲದ ದಿನಕ್ಕೆ ಹೊಟ್ಟೆಯೊಳಗೊಂದು ಎಂಜಿನ್ನು,
ಎರಡು ಸಿಲಿಂಡರು, ಕಡಲು ಕುಡಿದು ಬೆಳೆದದ್ದು.

"ನೀರು ಉಗುಳ್ತಾ ಇಲ್ಲ," ಎಂದರು.
ಹಿಂದಿನ ಕೊಳವೆಯಲ್ಲಿ ಬರೀ ಒಣ ಹೊಗೆ,
ಹೋಸು ಸುಡುವ ವಾಸನೆ.
ಎಂಜಿನ್ನಿನ ತಲೆಯ ಮೇಲೆ ಕೈಯಿಟ್ಟೆ. ಒಂದು, ಎರಡು,
ಮೂರೆನ್ನುವ ಮುಂಚೆ ಕೈ ತಾನೇ ಎದ್ದಿತು.
"ಆಫ್ ಮಾಡಿ ಮೇಡಂ. ಇನ್ನು ನೀರಿನ ದಾರೀಲಿ
ನಾವೇ ನಡೀಬೇಕು."

ನೀರು ಒಳಗೆ ಬರುವುದು ತಳದ ಕವಾಟದಿಂದ.
ತೆರೆದೇ ಇತ್ತು. ಪೈಪು ಕಳಚಿದೆ: ಹಿನ್ನೀರು
ಕಾಲ ಮೇಲೆ ಚಿಮ್ಮಿತು, ತಣ್ಣಗೆ,
ತಪ್ಪು ತನ್ನದಲ್ಲವೆಂಬಂತೆ.
ಆಮೇಲೆ ಜಾಲರಿ. ಕೆಸರು, ಪಾಚಿ, ಒಂದು ಬಸವನಹುಳು,
ಯಾರದೋ ಪಲ್ಪರಿನಿಂದ ತೇಲಿಬಂದ
ಕಾಫಿ ಸಿಪ್ಪೆ ಒಂದು ಹಿಡಿ.
"ಇದೇ!" ಎಂದರು ಮೇಡಂ, ಗೋಲು ಹೊಡೆದವರಂತೆ.
ತೊಳೆದು ಹಾಕಿದೆ. ಸ್ಟಾರ್ಟ್. ಒಣ ಹೊಗೆ.
ಮೊದಲು ಸಿಕ್ಕ ಕಳ್ಳ ಒಬ್ಬನೇ ಬಂದಿರುವುದು ಅಪರೂಪ.

ಪಂಪಿನ ಮುಚ್ಚಳ ಇರುವುದು ಕಣ್ಣು ಹೋಗದ ಜಾಗದಲ್ಲಿ,
ಬೆರಳೇ ನೋಡಬೇಕು. ಆರು ಸ್ಕ್ರೂ. ಐದು ಬಂತು,
ಆರನೆಯದು ತಳದ ಕೊಳೆನೀರಿಗೆ ಬಿತ್ತು. ಬೈದೆ.
ಹಿತ್ತಾಳೆ, ಮ್ಯಾಗ್ನೆಟ್ಟಿಗೂ ಬಾರದು.
ಮೇಡಂ ತೋಳು ಮಡಚಿ, ಭುಜದವರೆಗೆ ಇಳಿದು, ತಂದರು.

ಒಳಗೆ ರಬ್ಬರಿನ ಹೂ.
ಆರೆಸಳು ಇರಬೇಕಾದಲ್ಲಿ ನಾಲ್ಕು.
ನೀರಿಲ್ಲದೆ ತಿರುಗಿದರೆ ಉದುರುತ್ತದೆ;
ತೋಟಕ್ಕೂ ಅದೇ ಕಾನೂನು ಎಂದೆ. ಮೇಡಂ ನಗಲಿಲ್ಲ.
ಹೊಸದು ಹಾಕಿದರೆ ಮುಗಿಯಿತು ಎನ್ನುವವನು
ಹೊಸ ಮೆಕ್ಯಾನಿಕ್ಕು. ಉದುರಿದ್ದು
ಎಲ್ಲಿಗೆ ಹೋಯಿತೆಂದು ಕೇಳಬೇಕು.
ಹಿಂದಕ್ಕೆ ಬರುವ ಜಾತಿಯಲ್ಲ ಅದು,
ನೀರಿನ ಜೊತೆ ಮುಂದಕ್ಕೇ ಹೋಗಿರುತ್ತದೆ.

ನೀರು ಬಿಸಿ ಹೊರುವ ಡಬ್ಬಿ ಬಿಚ್ಚಿದೆ.
ಒಳಗಿನ ಸತುವಿನ ಕಡ್ಡಿ ಸವೆದ ಸೀಮೆಸುಣ್ಣ.
ನಳಿಗೆಗಳ ಬಾಯಿಗೆ ಅಡ್ಡಲಾಗಿ ಒಂದು ಕರಿಯೆಸಳು.
ಮುಚ್ಚಳದ ಎಳೆಯೊಳಗೆ ಬೆಳ್ಳಗೆ ಏನೋ ಹರಳು.
ನಾಲಿಗೆಗಿಟ್ಟೆ.
ಉಪ್ಪು.
ಮೇಡಂಗೂ ಕೊಟ್ಟೆ, ಉಗುರ ತುದಿಯಷ್ಟು.
ಕಡಲಿಗಿಂತ ಸುಮಾರು ಮೂರು ಸಾವಿರ ಅಡಿ ಮೇಲೆ
ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡನೆಯ ಎಸಳು ಸಿಗಲಿಲ್ಲ.
ನೀರು ಹೊಗೆ ಕೂಡುವ ಮೊಣಕೈಯಲ್ಲಿ ತಂತಿ ಆಡಿಸಿದೆ,
ಊದಿದೆ, ಬೋರಲು ಹಾಕಿ ಬಡಿದೆ. ಮಸಿ ಬಂತು.
ಹೊತ್ತು ಇಳಿಯಿತು.
ಹೊಸ ಹೂವಿಗೆ ಪಾತ್ರೆ ಸೋಪು ಸವರಿ
ಎಸಳನ್ನೆಲ್ಲ ಒಂದೇ ಕಡೆಗೆ ಬಾಗಿಸಿ ಕೂರಿಸಿದೆ.

ಸ್ಟಾರ್ಟ್.
ಏನಿಲ್ಲ.
ಏನಿಲ್ಲ.
ಆಮೇಲೆ ಗೊಳಕ್, ಬಾಯಿ ಮುಕ್ಕಳಿಸಿದ ಹಾಗೆ,
ಮತ್ತೆ ಗೊಳಕ್, ನೀರು, ಹೊಗೆ, ನೀರು.
ಕೈಯಿಟ್ಟು ಹತ್ತು ಎಣಿಸಿದೆ.
ಮೇಡಂ ಇಪ್ಪತ್ತು ಎಣಿಸಿದರು, ಜೋರಾಗಿ.

ಬಿಲ್ಲಿನಲ್ಲಿ ಬರೆದೆ: ಇಂಪೆಲ್ಲರ್ ಒಂದು, ಗ್ಯಾಸ್ಕೆಟ್ ಒಂದು, ಕೂಲಿ.
ಕೆಳಗೆ: ಎಸಳು ಒಂದು, ಬಾಕಿ.
"ಅದನ್ನ ನಾನು ಕೊಡಬೇಕಾ, ನೀವಾ?"
ಗೊತ್ತಿಲ್ಲ ಮೇಡಂ. ಬಿಸಿಯಾದ ದಿನ ಫೋನ್ ಮಾಡಿ.

ದಡದಲ್ಲಿ ಏಳು ಮಿಸ್ ಕಾಲು, ಎಲ್ಲ ಪಂಪಿನವರದು.
ಬೈಕಿನ ಕಿಕ್ಕರ್ ಮೇಲೆ ಕಾಲಿಟ್ಟವನು
ಒದೆಯದೆ ನಿಂತೆ.
ದೋಣಿ ದೂರ ಹೋಗುತ್ತಿತ್ತು, ಗೊಳಕ್, ಗೊಳಕ್;
ನಾನು ಕಿವಿ ಕೊಟ್ಟದ್ದು
ಎರಡು ಗೊಳಕ್‌ಗಳ ನಡುವಿನ ಜಾಗಕ್ಕೆ.