ಷರಾ

ನಾಕನೇ ನಂಬರಿನ ಶೆಡ್ಡಿನ್ಯಾಗ
ರೋಲರ್ ಎರಡು, ನೀರಿನ ಟ್ಯಾಂಕರ್ ಮೂರು,
ತಹಶೀಲ್ದಾರರು ಏರಿ ಇಳಿದು ಬಿಟ್ಟ ಜೀಪು,
ಬಾಗಲಕ್ಕ ಹುರಿ ಕಟ್ಟಿದ ಒಂದು ಅಂಬ್ಯುಲನ್ಸು.
ಇವಕ್ಕೆಲ್ಲಾ ನಾನೊಬ್ಬ,
ಮತ್ತ ಹಾಜರಿ ಪುಸ್ತಕದಾಗಿಲ್ಲದ ಒಂದು ಹಲ್ಲಿ.

ಇಂಡಿ ರಸ್ತೆಯ ಬಿಸಲು ತಗಡು ಹಾಯ್ದು ಇಳೀತೈತಿ.
ಹನ್ನೊಂದರ ಮ್ಯಾಲ ಪಾನಾ ಮುಟ್ಟಿದ್ರ ಗುಳ್ಳಿ ಏಳ್ತಾವ.
ಹಸಿ ಅರಿವ್ಯಾಗ ಸುತ್ತಿ ಇಡತೀನಿ,
ಬುತ್ತಿ ರೊಟ್ಟಿ ಸುತ್ತಿಟ್ಟಂಗ.

ಹಾಸಿಂಪೀರ ಮಿಸ್ತ್ರಿ ಕಲಿಸಿ ಹೋದದ್ದು ಒಂದ ವಿದ್ಯಾ:
ಉದ್ದನ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ,
ಹಿಡಿಕಿ ಕಿವಿ ಹಿಂದಿನ ಎಲುಬಿಗೆ.
"ಕಿವಿ ಸುಳ್ಳು ಹೇಳತೈತಿ ತಮ್ಮಾ, ಎಲುಬು ಹೇಳಂಗಿಲ್ಲ."
ಹಂಗ ಕೇಳಕೋತ ಬಂದೀನಿ ಇಪ್ಪತ್ತಾರು ವರ್ಷ:
ಬೇರಿಂಗು ಜ್ವಾಳಾ ಬೀಸೂದು,
ವಾಲ್ವು ಹಲ್ಲು ಕಡಿಯೂದು,
ಪಂಪು ನಿದ್ದ್ಯಾಗ ನರಳೂದು.
ಈಗ ಎಡಗಿವಿ ಹೋಗೇತಿ.
ಮನ್ಯಾಗ ಆಕಿ ಎರಡು ಸಲ ಕರೀತಾಳ,
ಮೂರನೇದಕ್ಕ ಚಮಚಾ ಒಗೀತಾಳ.
ಶೆಡ್ಡಿನ್ಯಾಗ ಮಾತ್ರ ನಾ ಕಿವುಡ ಅಲ್ಲ.

ಬಿಡಿಭಾಗ ಬೇಕಂದ್ರ ಇಂಡೆಂಟ್ ಬರೀಬೇಕು.
ಇಂಡೆಂಟು ಸೆಕ್ಷನ್ನಿಗೆ, ಸೆಕ್ಷನ್ನಿಂದ ಡಿವಿಜನ್ನಿಗೆ,
ಅಲ್ಲಿಂದ ಮ್ಯಾಲೆಲ್ಲೋ.
ಮ್ಯಾಲಿಂದ ಒಂದು ಪ್ರಶ್ನೆ ಇಳೀತೈತಿ: ಹಳೇ ಭಾಗ ಎಲ್ಲಿ?
ಅಷ್ಟರಾಗ ತಾಂಡಾದಾಗ ಕೊಡ ಸಾಲು ಹಚ್ಚಿರ್ತಾವ.
ಕೊಡಕ್ಕ ಫೈಲ್ ಓದಾಕ ಬರೂದಿಲ್ಲ.

ಹಿಂಗಾಗಿ ಅಂಬ್ಯುಲನ್ಸಿನ ಬ್ಯಾಟರಿ ಟ್ಯಾಂಕರಿನ್ಯಾಗ,
ಟ್ಯಾಂಕರಿನ ಹರಕ ಪೈಪು ಕತ್ತರಿಸಿ ರೋಲರಿಗೆ,
ಜೀಪಿನ ಹಾರ್ನೂ ರೋಲರಿಗೇ.
ಆಮಿಗೆ ತಹಶೀಲ್ದಾರರ ದನಿ!
ದನಾ ಸುದ್ದಾ ಗೌರವದಿಂದ ಬದಿಗೆ ಸರೀತಿದ್ದುವು.
ಶೆಡ್ಡಿನ್ಯಾಗ ಯಾವುದೂ ಸತ್ತಿಲ್ಲ.
ಯಾವುದೂ ಪೂರಾ ತಾನೂ ಅಲ್ಲ.

ಮೊನ್ನೆ ಪಟ್ಟಿ ಬಂತು.
ಜೀಪು, ಅಂಬ್ಯುಲನ್ಸು, ರೋಲರ್ ಎರಡೂ ಹರಾಜಿಗೆ.
ಕಾಲಂ ಏಳು: ಈಗಿನ ಸ್ಥಿತಿ. ಕಾಲಂ ಎಂಟು: ಷರಾ.
ಕುಲಗೋಡ ಮೇಡಮ್ಮೋರು ಕುರ್ಚಿ ಬಿಟ್ಟು ಶೆಡ್ಡಿಗೇ ಬಂದ್ರು, ಹೊಸಬರು.
"ಗುರಪಾದಪ್ಪ, ಎಲ್ಲಾಕ್ಕೂ ಒಂದ ಬರದುಬಿಡ್ರಿ,
ದುರಸ್ತಿಗೆ ಯೋಗ್ಯವಲ್ಲ."

ಮೂರಕ್ಕ ಬರದೆ.
ನಾಕನೇದಕ್ಕ ಪೆನ್ನು ಕಿಸೆದಾಗಿಟ್ಟು ಹ್ಯಾಂಡಲ್ ಹೊಡದೆ.
ಅರ್ಧಾ ಸುತ್ತಿಗೇ ಹತ್ತಿತು ಮುದಿ ರೋಲರು.
ತಗಡಿನ ಮ್ಯಾಲಿನ ಪಾರಿವಾಳೆಲ್ಲಾ ಎದ್ದು ಹೋದುವು.
ಸ್ಕ್ರೂಡ್ರೈವರ್ ಹಚ್ಚಿದೆ.
ತಿಕೋಟಾ ತನಕ ಅದು ತುಳಿದ ಖಡಿ
ಒಂದೊಂದೂ ಎಲುಬಿನ್ಯಾಗ ಹಾದು ಹೋತು.

ಮೇಡಮ್ಮೋರು ಗಡಿಯಾರ ನೋಡಿದ್ರು. ಆಮ್ಯಾಲ ನನ್ನ.
"ಏನಂತೈತಿ?"
ಹೇಳಾಕ ನನಗ ಬರಲಿಲ್ಲ. ಸ್ಕ್ರೂಡ್ರೈವರ್ ಅವರ ಕೈಯಾಗ ಕೊಟ್ಟೆ.
ಓಲಿ ಸರಿಸಿ, ನಾ ತೋರಿಸಿದಲ್ಲಿ ಹಚಗೊಂಡ್ರು,
ಕಣ್ಣು ತಾವ ಮುಚ್ಚಿದುವು.
ಬಾಳ ಹೊತ್ತು.
ಕಿವಿ ಹಿಂದ ಕರೀ ಎಣ್ಣಿಯ ಬಟ್ಟು ಉಳೀತು,
ದೃಷ್ಟಿಬಟ್ಟು ಇಟ್ಟಂಗ. ನಾ ಹೇಳಲಿಲ್ಲ.

ಹರಾಜು ಸೋಮವಾರ. ರೋಲರೂ ಹೋಗತೈತಿ, ಕಿಲೋ ಲೆಕ್ಕದಾಗ.
ಕಾಲಂ ಎಂಟರಾಗ ಅದೊಂದಕ್ಕ ಮಾತ್ರ
ಬ್ಯಾರೆ ಕೈಯಿನ ಅಕ್ಷರ: ಚಾಲೂ ಇದೆ.
ಅದರಿಂದ ಏನೂ ಆಗೂದಿಲ್ಲ, ಇಬ್ಬರಿಗೂ ಗೊತ್ತು.

ರವಿವಾರ ಶೆಡ್ಡಿನ ಕೀಲಿ ತಗದೆ.
ಅಂಬ್ಯುಲನ್ಸಿನ ಬ್ಯಾಟರಿ ಟ್ಯಾಂಕರಿನ್ಯಾಗೇ ಇರಲಿ,
ಕೊಡ ಇನ್ನೂ ಸಾಲಿನ್ಯಾಗ ಅದಾವ.
ಹಾರ್ನ್ ಮಾತ್ರ ಬಿಚ್ಚಿ ಜೀಪಿಗೆ ತಿರಗಿ ಹಾಕಿದೆ.
ಯಾರ ದನಿ ಅವರಿಗೆ ಸೇರಲಿ.