ಸುಣ್ಣದ ಲೆಕ್ಕ

ಇಂಗಳದಾಳದ ಗಣಿಗೆ ಹೋಗಿ ಬಂದ ಅಪ್ಪನ ಅಂಗಿಗೆ
ಸಾಸಿವೆಯಷ್ಟು ಸಾಸಿವೆಯಷ್ಟು ತೂತು.
ನೀರೇ ತಿಂತೈತೆ ಕಣಲೇ, ಅನ್ನುತ್ತಿದ್ದ,
ಗಂಧಕದ ಬಂಡೆಯಿಂದ ಜಿನುಗಿದ ನೀರು.

ಈಗ ಹಡಗಿನ ಸಿಲಿಂಡರಿನೊಳಗೆ ಇಳಿದು ನಿಂತು
(ನಿಲ್ಲಬಹುದು, ನಮ್ಮೂರ ಹಗೇವಿನಷ್ಟು ಅಗಲ)
ಟಾರ್ಚು ಹಿಡಿದು ಗೋಡೆ ಸವರುತ್ತೇನೆ.
ಅದೇ ತೂತು.

ಎಣ್ಣೆ ಉಳಿಸಲೆಂದು ತಿಂಗಳಿಡೀ
ಹಡಗನ್ನು ಮೆಲ್ಲಗೆ ನಡೆಸಿದೆವು.
ಗೋಡೆ ಆರಿತು, ಹೊಗೆಯ ಗಂಧಕ
ಇಬ್ಬನಿಯಾಗಿ ಕೂತಿತು.
ಉರಿಯಲ್ಲಿ ಸುಮ್ಮನಿದ್ದ ಕಬ್ಬಿಣ
ತಂಪಿನಲ್ಲಿ ಕರಗಿತು.

ರಜೆಯಲ್ಲಿ, ಸಂತೆಹೊಂಡದ ಎದುರು,
ಪಾಪಕ್ಕನ ಎಲೆ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದೆ.
ಮದ್ದಿಲ್ವೇನೋ ಪಾಲಯ್ಯ?
ಐತೆ. ಸಿಲಿಂಡರಿಗೆ ಬಿಡೋ ಎಣ್ಣೇಲಿ ಸುಣ್ಣ ಇರ್ತೈತೆ.
ಎಲೆಯ ಮೇಲೆ ಅವಳ ಬೆರಳು ತಡೆಯಿತು.
ಜಾಸ್ತಿಯಾದ್ರೆ?
ಸುಣ್ಣವೇ ಗಟ್ಟಿಯಾಗಿ ಗೋಡೆ ಗೀರ್ತೈತೆ.
ಹ್ಞೂಂ, ಬಾಯಿ ಸುಟ್ಟಂಗೆ, ಅಂದಳು.

ಇನ್ನೊಂದನ್ನು ಹೇಳಲಿಲ್ಲ:
ಆಮ್ಲ ಒಂದಿಷ್ಟು ತಿನ್ನಲೇಬೇಕು,
ಕನ್ನಡಿಯಂಥ ಗೋಡೆಯ ಮೇಲೆ
ಎಣ್ಣೆ ನಿಲ್ಲುವುದಿಲ್ಲ.
ಎಷ್ಟು ತಿನ್ನಬೇಕು ಎಂಬುದಕ್ಕೇ
ನನಗೆ ಸಂಬಳ.

ಅವಳು ಎಲೆ ಮಡಿಚಿ ಕೊಟ್ಟಳು.
ಅಗಿದೆ.
ನಾಲಗೆ ಚುರುಕ್ಕೆಂದಿತು, ಸ್ವಲ್ಪವೇ.