ಹರವಿ ಪಕ್ಕದ ಮಾಡ

ಜಿನ್ನಿಂಗ್ ಮಿಲ್ಲಿನ ಆಫೀಸಿನಾಗ ಹನ್ನೊಂದು ವರ್ಷ
ಅರಳಿ ತೂಕ ಬರೆದ ಲ್ಯಾಪ್‌ಟಾಪು.
ನನ್ನ ಕಡೇ ತಿಂಗಳ ಪಗಾರದ ಜೋಡಿ
ಗುಜರಿಗೆ ಹಾಕೋ ಬದಲು ಒಯ್ಯಿ ಅಂತ ಕೊಟ್ಟರು.
ಎರಡು ಅಕ್ಷರದ ಗುಂಡಿ ಇಲ್ಲ. ಪರದೆಯ ಮೂಲೆಗೆ ಕರೀ ಮಚ್ಚೆ.
ಚಾಲೂ ಮಾಡಿದರ ಹಿಟ್ಟಿನ ಗಿರಣಿ.

ಟಿ.ವಿ. ರಿಪೇರಿ ಮಹಿಬೂಬ ಬೆನ್ನು ಬಿಚ್ಚಿದ.
ಫ್ಯಾನಿನ ರೆಕ್ಕಿಗೆ ಸುತ್ತಿಕೊಂಡಿತ್ತು ಅರಳಿ,
ಇಷ್ಟೇ ಇಷ್ಟು, ಒಂದು ಗುಬ್ಬಿಮರಿ ಮಲಗುವಷ್ಟು.
"ಲೆಕ್ಕಕ್ಕ ಬರದ ಮಾಲು ನೋಡ್ರಿ ಗುಮಾಸ್ತರೇ" ಅಂದ.
ಈಕಿ ಅದನ್ನ ಹೊಸೆದು ಬತ್ತಿ ಮಾಡಿದಳು.
ಉರೀಲಿಲ್ಲ. ಹೊಗಿ ಮಾತ್ರ ಬಂತು.

ಒಳಗಿನ ಹಳೇ ಪೇಸ್ಟು ಒಣಗಿ ಹಕ್ಕಳಿ ಆಗಿತ್ತು.
ಹೊಸಾದು ಹಚ್ಚಿದ,
ಎಲಿಗೆ ಸುಣ್ಣ ಸವರಿದಂಗ, ಉಗುರ ತುದಿಯಿಂದ,
ಹೆಚ್ಚಾದರ ಬಾಯಿ ಸುಡತದ ಅನ್ನೋ ಹೆದರಿಕಿಯಿಂದ.
"ಇನ್ನ ಇದು ಸರ್ವರು. ಖಾನಾವಳಿ ಹುಡುಗನಂಗಲ್ಲ,
ಓಡಾಡೋದಿಲ್ಲ. ಕೂತಲ್ಲೇ ಬಡಸತದ."

ಎಲ್ಲಿ ಕೂಡಸೋದು?
ರಾಯಚೂರಿನ ಮೇ ತಿಂಗಳು. ಮಾಳಿಗಿ ಕೋಣಿ ಅಂದರ ಭಟ್ಟಿ.
ಅಟ್ಟದಾಗ ಇಲಿ. ದೇವರ ಕೋಣಿ ಪಕ್ಕ ಈಕಿ ಒಲ್ಲೆ ಅಂದಳು.
ಮನೀ ತುಂಬ ಅಂಗೈ ಹಚ್ಚಿಕೋತ ತಿರುಗಿದೆ,
ಜ್ವರ ನೋಡೋ ಕಂಪೌಂಡರನಂಗ, ಗೋಡಿ ಗೋಡಿ ಮುಟ್ಟಿ.
ಕಡೀಗೆ ಸಿಕ್ಕಿತು, ಹರವಿ ಪಕ್ಕದ ಮಾಡ.
ಐವತ್ತು ವರ್ಷ ನೀರು ಜಿನುಗಿ ತಂಪು ಕಲಿತ ಕಲ್ಲು.
ಹನಿ ಸಿಡಿಯದಂಗ ಗೇಣು ದೂರ
ಒಂದು ಶಾಬಾದಿ ತುಂಡು ಹಾಸಿ
ಅರ್ಧ ಓದಿ ಬೋರಲು ಹಾಕಿದ ಪುಸ್ತಕದಂಗ ಇಟ್ಟೆ.
ಬ್ಯಾಟರಿಗೆ ಹೇಳಿದೆ: ಅರವತ್ತಕ್ಕ ಸಾಕು ಅನ್ನು,
ನೂರು ತುಂಬಿಸಿಕೊಂಡು ಕೂತರ ಉಬ್ಬತಿ.
ಮಿಲ್ಲಿನವರೂ ನನಗ ಅಷ್ಟಕ್ಕೇ ಸಾಕು ಅಂದಿದ್ದರು.

ಮೊದಲನೇ ರಾತ್ರಿ ಈಕಿ ಕಿವಿಗೊಟ್ಟು ನಿಂತಳು.
"ಸತ್ತದೇನು?"
"ಇಲ್ಲ. ಸುಮ್ಮನದ."
"ಸುಮ್ಮನಿದ್ದು ಏನು ಮಾಡತದ?"
ನನಗೂ ಗೊತ್ತಿರಲಿಲ್ಲ.

ಆಮ್ಯಾಲೆ ಓಣಿ ಬಂತು.
ಫೋನಿನಾಗ ಜಾಗ ತೀರಿದವರು ಬಂದರು, ಊರಿಗೆ ಹೋಗುವಾಗ
ಪಕ್ಕದ ಮನಿಯಾಗ ಕೀಲಿ ಇಟ್ಟು ಹೋದಂಗ.
ಹಾಜಿರಾಬಿ ಮೊಮ್ಮಗನ ಮೊದಲ ಹಲ್ಲು,
ಅಯ್ಯಣ್ಣನ ಮೊಣಕಾಲಿನ ಎಕ್ಸ್‌ರೇ,
ಬ್ಯಾಂಡಿನ ದುರ್ಗಪ್ಪನ ಕ್ಲಾರಿನೆಟ್ಟು, ತಪ್ಪಿದ ಸುರ ಸಮೇತ.
ಹಳೇ ಚಾಳಿ, ಎಲ್ಲಾ ಕೈಲೇ ಬರೆದಿಟ್ಟೆ:
ಯಾರದು, ಎಷ್ಟು, ಜಮಾ ಯಾವತ್ತು, ವಾಪಸ್ ಯಾವತ್ತು.
ಬೇಲಿಗೆ ಹಾಕಿದಂಗ ನಂಬರು.

ಶಕ್ತಿನಗರದಾಗ ಚಿಮಣಿ ಹೊಗಿ ಬಿಡತದ, ನಾಡಿಗೆಲ್ಲ ಕರೆಂಟು.
ನಮ್ಮ ಓಣಿಗೆ ನಡುಮಧ್ಯಾಹ್ನ ಹೋತು.
ಫ್ಯಾನು ನಿಂತವು. ಫ್ರಿಜ್ಜು ನಿಂತಿತು. ರೌಟರೂ ಆರಿತು,
ಇನ್ನ ಅದನ್ನ ಕೇಳೋರು ಯಾರೂ ಇಲ್ಲ.
ಆದರೂ ಮಾಡದಾಗ ಅದೊಂದು
ತನ್ನ ಬುತ್ತಿ ಬಿಚ್ಚಿಕೊಂಡು ಕೂತಿತ್ತು, ಕರೆದರ ಇರಲಿ ಅಂತ.
ಹೊರಗ ನಲವತ್ನಾಲ್ಕು. ಅದರ ಎದಿಯೊಳಗ ನಲವತ್ತು.

ಆಷಾಢದಾಗ ನರಸಮ್ಮನ ಮಗಳು ಸುಕನ್ಯಾ ಬಂದಳು.
ಆಕಿ ಮದುವಿ ಫೋಟೋ ನೂರಾ ನಲವತ್ತಾರು, ನಂಬರು ಮೂವತ್ತೊಂದು.
"ಕಾಕಾ, ಅಳಸಬ್ಯಾಡ್ರಿ.
ನನಗ ಕಾಣದಂಗ ಇಡ್ರಿ."
ಏನೂ ಕೇಳಲಿಲ್ಲ. ಈಕಿ ಹರವಿ ನೀರು ಕೊಟ್ಟಳು.
ನಿಂತೇ ಎರಡು ತಂಬಿಗಿ ಕುಡಿದಳು.

ಫೋಲ್ಡರಿನ ಹೆಸರಿನ ಮುಂದ ಒಂದು ಚುಕ್ಕಿ ಇಟ್ಟರ ಸಾಕು,
ಅದು ಇದ್ದೂ ಕಾಣೋದಿಲ್ಲ.
ಇಟ್ಟೆ,
ಕೂಸಿನ ಗಲ್ಲಕ್ಕ ದೃಷ್ಟಿಬೊಟ್ಟು ಇಟ್ಟಂಗ.
ಏನೂ ಸದ್ದಾಗಲಿಲ್ಲ.

ಖಾತೆ ಪುಸ್ತಕದಾಗ ಮೂವತ್ತೊಂದರ ಮುಂದ
ವಾಪಸ್ ಅನ್ನೋ ಕಾಲಮು ಇನ್ನೂ ಖಾಲಿ.
ನಸುಕಿನಾಗ ನೀರಿಗೆ ಎದ್ದಾಗ
ಕೈ ಮೊದಲು ಹರವಿಗೆ ಹೋಗತದ, ಆಮ್ಯಾಲೆ ಅದರ ಬೆನ್ನಿಗೆ.
ಒಂದು ತಣ್ಣಗ. ಒಂದು ಉಗುರುಬೆಚ್ಚಗ.
ಇರಲಿ,
ಎಚ್ಚರ ಇದ್ದೋರ ಬೆನ್ನು ಅಷ್ಟಾದರೂ ಬೆಚ್ಚಗಿರಬೇಕಲ್ಲ.